ಆಲ್ಟೊ ಕಾರಿನ ಫಾಗ್ ಲೈಟಿಗೆ ಹೊಸ ವೈರಿಂಗ್, ಡ್ಯಾಶ್‌ಬೋರ್ಡಿನಲ್ಲಿ ಒಂದು ಹಸಿರು ದೀಪ

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಓಡಾಡುವವರಿಗೆ ಮಂಜು ಹೊಸದೇನಲ್ಲ. ಕೊಟ್ಟಿಗೆಹಾರ ದಾಟಿ ಇಳಿಯಲು ಶುರು ಮಾಡಿದರೆ ಕೆಲವು ತಿರುವುಗಳಲ್ಲಿ ಬಾನೆಟ್‌ನಿಂದ ಹತ್ತು ಮಾರು ಮುಂದೆ ಏನಿದೆ ಅನ್ನುವುದೂ ಗೊತ್ತಾಗುವುದಿಲ್ಲ. ಅಂಥ ಕಡೆ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಂತ ಹಾಗೆ ಆಗುತ್ತದೆ. ಮಂಜಿನ ಹನಿಗಳು ಬೆಳಕನ್ನು ನಮ್ಮ ಕಣ್ಣಿಗೇ ವಾಪಸ್ ಎರಚುತ್ತವೆ. ಫಾಗ್ ಲೈಟ್ ಕೆಲಸ ಬೇರೆ ರೀತಿಯದು. ಅದು ಬಂಪರ್‌ನಲ್ಲಿ, ನಮ್ಮ ಕಣ್ಣಿಗಿಂತ ತುಂಬಾ ಕೆಳಗೆ ಇರುತ್ತದೆ. ಬೆಳಕು ಅಗಲವಾಗಿ, ತಗ್ಗಿನಲ್ಲಿ ಹರಡುತ್ತದೆ. ಮೇಲಕ್ಕೆ ಹೋಗದಂತೆ ಅಡ್ಡಲಾಗಿ ಕತ್ತರಿಸಿರುತ್ತದೆ. ದೂರ ಕಾಣುವುದಿಲ್ಲ, ಆದರೆ ರಸ್ತೆಯ ಅಂಚು, ಬಿಳಿ ಪಟ್ಟೆ, ತಡೆಗೋಡೆ ಕಾಣುತ್ತವೆ. ಘಾಟಿಯಲ್ಲಿ ಬೇಕಾಗಿರುವುದೂ ಅಷ್ಟೇ.

ನನ್ನದು ಹಳೆಯ ಮಾರುತಿ ಆಲ್ಟೊ. ಕಂಪನಿಯಿಂದ ಬರುವಾಗ ಇದಕ್ಕೆ ಫಾಗ್ ಲೈಟ್ ಇರಲಿಲ್ಲ. ಆಮೇಲೆ ಆಕ್ಸೆಸರಿ ಅಂಗಡಿಯೊಂದರಲ್ಲಿ ಹಾಕಿಸಿದ್ದು. ಬಲ್ಬು 55 ವ್ಯಾಟಿನ ಹ್ಯಾಲೋಜನ್, ಗಾಜು ಚೆನ್ನಾಗಿದೆ, ಆದರೂ ಬೆಳಕು ಮಂಕು. ಸ್ವಿಚ್ ಹಾಕಿ ಸ್ವಲ್ಪ ಹೊತ್ತಾದರೆ ಅದರ ಗುಂಡಿ ಬೆರಳಿಗೆ ಬಿಸಿ ಹತ್ತುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿದ್ದದ್ದು, ಲೈಟ್ ಉರಿಯುತ್ತಿದೆಯೋ ಇಲ್ಲವೋ ಎಂದು ಒಳಗೆ ಕೂತವರಿಗೆ ತಿಳಿಯದೇ ಇದ್ದದ್ದು. ದಟ್ಟ ಮಂಜಿನಲ್ಲಿ ಹೆಡ್‌ಲೈಟ್ ಕೂಡ ಹೊತ್ತಿರುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಘಾಟಿ ಇಳಿದು ಉಜಿರೆ ಕಡೆಗೆ ಬಂದ ಮೇಲೆ ರಸ್ತೆ ತಿಳಿಯಾಗಿರುತ್ತದೆ, ಫಾಗ್ ಲೈಟ್ ಮಾತ್ರ ಹಾಗೇ ಉರಿಯುತ್ತಿರುತ್ತದೆ. ಎದುರು ಬರುವ ಬೈಕಿನವರ ಕಣ್ಣಿಗೆ ಅದು ಎಷ್ಟು ಚುಚ್ಚುತ್ತದೆ ಎಂದು ಬೈಕ್ ಓಡಿಸಿದವರಿಗೆ ಗೊತ್ತು.

ಏನನ್ನೂ ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ತುದಿಯಲ್ಲಿ 14.1 ವೋಲ್ಟ್. ಫಾಗ್ ಲೈಟ್ ಉರಿಯುತ್ತಿರುವಾಗಲೇ ಬಲ್ಬಿನ ಹೋಲ್ಡರ್ ಹತ್ತಿರ ನೋಡಿದರೆ 11.8. ಎರಡು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ಇದು ಸಣ್ಣ ನಷ್ಟ ಅಲ್ಲ. ಹ್ಯಾಲೋಜನ್ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೆ ಬೆಳಕು ತುಂಬಾ ಇಳಿಯುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಸುಮಾರು ಮೂವತ್ತು ಕಡಿಮೆ. ನನ್ನ ಲೆಕ್ಕದಲ್ಲಿ ಸಿಗಬೇಕಾದ ಬೆಳಕಿನಲ್ಲಿ ಅರ್ಧದಷ್ಟು ಮಾತ್ರ ರಸ್ತೆಗೆ ಬೀಳುತ್ತಿತ್ತು. ಇಂಥ ಹೊತ್ತಿನಲ್ಲಿ ಎಷ್ಟೋ ಜನ ಸೀದಾ 100 ವ್ಯಾಟಿನ ಬಲ್ಬ್ ಹಾಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೆಳು ವೈರಿನಲ್ಲಿ ಇನ್ನಷ್ಟು ಕರೆಂಟ್ ಹರಿದು ವೈರೇ ಬಿಸಿಯಾಗುತ್ತದೆ, ಹೋಲ್ಡರ್ ಕರಗುತ್ತದೆ.

ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ನೋಡಿದಾಗ ಕಾರಣ ಕಣ್ಣಿಗೇ ಬಿತ್ತು. ರಿಲೇ, ಅಂದರೆ ಸ್ವಿಚ್ಚಿನ ಬದಲು ದೊಡ್ಡ ಕರೆಂಟನ್ನು ಹೊರುವ ಪುಟ್ಟ ಡಬ್ಬಿ, ಇರಲಿಲ್ಲ. ಬ್ಯಾಟರಿಯಿಂದ ಒಂದು ತೆಳು ವೈರ್ ಒಳಗೆ ಬಂದು, ಸ್ವಿಚ್ ಮೂಲಕ ಹಾದು, ಮತ್ತೆ ಬಂಪರ್‌ವರೆಗೆ ಹೋಗಿತ್ತು. ಎರಡು ಬಲ್ಬಿಗೂ ಸೇರಿ 9 ಆಂಪಿಯರ್ ಹತ್ತಿರ ಕರೆಂಟ್ ಆ ಪುಟ್ಟ ಸ್ವಿಚ್ಚಿನಲ್ಲೇ ಹರಿಯುತ್ತಿತ್ತು. ಜೋಡಣೆಯೆಲ್ಲ ವೈರ್ ತಿರುಚಿ ಟೇಪ್ ಸುತ್ತಿದ್ದು. ಟೇಪ್ ಬಿಚ್ಚಿದರೆ ತಾಮ್ರ ಹಸಿರುಗಟ್ಟಿತ್ತು. ಮಲೆನಾಡಿನ ಮಳೆಗೆ ಟೇಪ್ ಯಾವ ಮೂಲೆಗೂ ಸಾಲುವುದಿಲ್ಲ. ಫ್ಯೂಸ್ ಇತ್ತು, ಆದರೆ ಸ್ವಿಚ್ಚಿನ ಪಕ್ಕದಲ್ಲಿತ್ತು. ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರ್ ಎಲ್ಲಾದರೂ ಕಾರಿನ ತಗಡಿಗೆ ತಾಗಿದರೆ ತಡೆಯುವವರು ಯಾರೂ ಇಲ್ಲ. ಫ್ಯೂಸ್ ಇರುವುದು ಬಲ್ಬ್ ಉಳಿಸಲು ಅಲ್ಲ, ವೈರಿಗೆ ಬೆಂಕಿ ಹತ್ತದಿರಲಿ ಎಂದು. ಹಾಗಾಗಿ ಅದು ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಬೇಕು.

ಎಲ್ಲ ಕಿತ್ತು ಹೊಸದಾಗಿ ಎಳೆಯುವುದು ಎಂದು ತೀರ್ಮಾನಿಸಿದೆ. ಸಾಮಾನುಗಳನ್ನು ಬೆಂಗಳೂರಿಗೆ ಹೋದಾಗ ತಂದೆ. ರಿಲೇ, ಫ್ಯೂಸ್ ಹೋಲ್ಡರ್, ವೈರ್, ಟರ್ಮಿನಲ್ ಜೆಸಿ ರೋಡಿನಲ್ಲಿ. ಎಲ್‌ಇಡಿ, ಕರೆಂಟ್ ತಗ್ಗಿಸುವ ರೆಸಿಸ್ಟರ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಎಸ್‌ಪಿ ರೋಡಿನಲ್ಲಿ. ಇವೆಲ್ಲ ಊರಿನ ಕಡೆಯೂ ಸಿಗುತ್ತವೆ, ಆದರೆ ವೈರ್ ಮಾತ್ರ ನೋಡಿಕೊಂಡು ತಗೊಳ್ಳಿ. ಪ್ಲಾಸ್ಟಿಕ್ ದಪ್ಪ ಇದ್ದು ಒಳಗೆ ತಾಮ್ರ ನಾಲ್ಕೇ ಎಳೆ ಇರುವ ವೈರ್ ಬೇಕಾದಷ್ಟಿದೆ. ತುದಿ ಸುಲಿದು ಎಳೆ ನೋಡಿಯೇ ಕೊಂಡೆ. ಬ್ಯಾಟರಿಯಿಂದ ರಿಲೇಗೆ 2.5 ಚದರ ಮಿಲಿಮೀಟರ್, ರಿಲೇಯಿಂದ ಒಂದೊಂದು ಲೈಟಿಗೂ ಬೇರೆ ಬೇರೆಯಾಗಿ 1.5, ಸ್ವಿಚ್ಚಿನ ವೈರ್ 0.75.

ರಿಲೇ ಅಂದರೆ ಹೆದರುವಂಥದ್ದು ಏನೂ ಇಲ್ಲ. ಸಣ್ಣ ಕರೆಂಟ್ ಕೊಟ್ಟರೆ ಒಳಗಿನ ಸುರುಳಿ ಅಯಸ್ಕಾಂತವಾಗಿ ದೊಡ್ಡ ಕರೆಂಟಿನ ದಾರಿಯನ್ನು ಸೇರಿಸುತ್ತದೆ. ಅಡಿಯಲ್ಲಿ ನಾಲ್ಕು ಕಾಲು, ಪ್ರತಿಯೊಂದಕ್ಕೂ ನಂಬರ್. 30ಕ್ಕೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ದಾಟಿ ಬಂದ ದಪ್ಪ ವೈರ್. 87ರಿಂದ ಎರಡು ಲೈಟಿಗೆ. 85 ಅರ್ಥಿಗೆ, ಅಂದರೆ ಕಾರಿನ ಲೋಹದ ಮೈಗೆ. 86ಕ್ಕೆ ಸ್ವಿಚ್ಚಿನಿಂದ ಬರುವ ವೈರ್. ಈಗ ಸ್ವಿಚ್ಚಿನಲ್ಲಿ ಹರಿಯುವುದು ಸುಮಾರು 150 ಮಿಲಿಆಂಪಿಯರ್ ಅಷ್ಟೇ. 85 ಮತ್ತು 86ರ ನಡುವೆ ಒಂದು 1ಎನ್4007 ಡಯೋಡ್ ಹಾಕಿದೆ, ಬೆಳ್ಳಿ ಪಟ್ಟಿ ಇರುವ ತುದಿ 86ರ ಕಡೆಗೆ. ಸ್ವಿಚ್ ಆರಿಸಿದ ಕ್ಷಣದಲ್ಲಿ ಸುರುಳಿ ಎಬ್ಬಿಸುವ ಹೈ ವೋಲ್ಟೇಜನ್ನು ಅದು ನುಂಗುತ್ತದೆ. ಸ್ವಿಚ್ ಬಾಳಿಕೆ ಬರುತ್ತದೆ.

ಸ್ವಿಚ್ಚಿಗೆ ಕರೆಂಟ್ ಎಲ್ಲಿಂದ ಕೊಡಬೇಕು ಅನ್ನುವುದನ್ನು ತುಂಬಾ ಯೋಚಿಸಿದೆ. ಸೀದಾ ಬ್ಯಾಟರಿಯಿಂದ ಕೊಟ್ಟರೆ ಕಾರು ನಿಲ್ಲಿಸಿ ಹೋದಾಗಲೂ ಉರಿದು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಹೈ ಬೀಮಿನಿಂದ ಕೊಟ್ಟರೆ ಮಂಜಿನಲ್ಲಿ ಪ್ರಯೋಜನವೇ ಇಲ್ಲ. ಪಾರ್ಕಿಂಗ್ ಲೈಟಿನ ವೈರಿನಿಂದ ತೆಗೆದುಕೊಂಡೆ. ಹಿಂದಿನ ಕೆಂಪು ದೀಪಗಳು ಉರಿಯದೆ ಮುಂದಿನ ಫಾಗ್ ಲೈಟ್ ಉರಿಯಬಾರದು ಅನ್ನುವುದೇ ಅದಕ್ಕೆ ಕಾರಣ. ಮಂಜಿನಲ್ಲಿ ನಮಗೆ ಕಾಣುವಷ್ಟೇ ಮುಖ್ಯ ಹಿಂದಿನವರಿಗೆ ನಾವು ಕಾಣುವುದು. ಆ ವೈರ್ ಯಾವುದು ಎಂದು ಬಣ್ಣ ನೋಡಿ ನಂಬಲಿಲ್ಲ. ಪಾರ್ಕಿಂಗ್ ಲೈಟ್ ಹಾಕಿ, ಆರಿಸಿ, ಮೀಟರಿನಲ್ಲಿ 12 ಬಂದು ಹೋಗುವುದನ್ನು ನೋಡಿಯೇ ಗುರುತು ಮಾಡಿದೆ.

ಕೆಲಸ ಶುರು ಮಾಡುವ ಮುಂಚೆ 10ನೇ ನಂಬರ್ ಸ್ಪ್ಯಾನರಿನಲ್ಲಿ ಬ್ಯಾಟರಿಯ ನೆಗೆಟಿವ್ ತೆಗೆದಿಟ್ಟೆ. ಇದು ಬಿಟ್ಟರೆ ಮುಂದಿನದೆಲ್ಲ ಅಪಾಯ. ರಿಲೇಯನ್ನು ಬ್ಯಾಟರಿ ಪಕ್ಕದ ತಗಡಿಗೆ, ಕಾಲುಗಳು ಕೆಳಗೆ ಬರುವ ಹಾಗೆ ಕೂರಿಸಿದೆ. ಮೇಲ್ಮುಖವಾಗಿ ಕೂರಿಸಿದರೆ ನೀರು ಸಾಕೆಟ್‌ನಲ್ಲೇ ನಿಲ್ಲುತ್ತದೆ. ಇಂಜಿನ್ ಕಡೆಯಿಂದ ಒಳಗೆ ವೈರ್ ತರಲು ಹೊಸ ತೂತು ಕೊರೆಯಲಿಲ್ಲ. ಇರುವ ತೂತಿನ ಅಂಚಿಗೆ ಹಾಕಿದ ರಬ್ಬರ್ ಬಳೆಯಲ್ಲೇ (ಗ್ರಾಮೆಟ್), ಹಳೆಯ ವೈರುಗಳ ಗೊಂಚಲಿಗೆ ತಾಗದ ಕಡೆ, ಗಟ್ಟಿ ಕಂಬಿಯೊಂದನ್ನು ತೂರಿಸಿ ಅದರ ಜೊತೆ ವೈರ್ ಎಳೆದುಕೊಂಡೆ. ಬರೀ ತಗಡಿನ ಅಂಚಿಗೆ ವೈರ್ ಉಜ್ಜುತ್ತಿದ್ದರೆ ಒಂದಲ್ಲ ಒಂದು ದಿನ ಶಾರ್ಟ್ ಆಗಿಯೇ ಆಗುತ್ತದೆ.

ಜೋಡಣೆಗಳನ್ನೆಲ್ಲ ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದೆ. ಬೆಸುಗೆ ಹಾಕಬಾರದಾ ಅಂತ ಕೇಳುವವರಿದ್ದಾರೆ. ಬೆಸುಗೆಯ ಸೀಸ ವೈರಿನೊಳಗೆ ಹರಿದಷ್ಟು ದೂರ ವೈರ್ ಸೆಟೆದುಕೊಳ್ಳುತ್ತದೆ. ಕಾರಿನ ನಡುಕಕ್ಕೆ ಸರಿಯಾಗಿ ಆ ಅಂಚಿನಲ್ಲೇ ಮುರಿಯುತ್ತದೆ. ಒತ್ತಿದ ಮೇಲೆ ಪ್ರತಿಯೊಂದನ್ನೂ ಕೈಯಿಂದ ಜಗ್ಗಿ ನೋಡಿದೆ.

ಅರ್ಥ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಅರ್ಧ ತೊಂದರೆ ಅಲ್ಲೇ ಇರುತ್ತದೆ. ಹೋದ ಕರೆಂಟ್ ವಾಪಸ್ ಬರಲೇಬೇಕಲ್ವಾ? ಹಳೆಯ ಅರ್ಥ್ ವೈರನ್ನು ಪೇಂಟಿನ ಮೇಲೇ ಸ್ಕ್ರೂ ಹಾಕಿ ಬಿಗಿದಿದ್ದರು. ನಾನು ಬಾಡಿಯ ಒಂದು ಬೋಲ್ಟ್ ಹತ್ತಿರ ಉಪ್ಪುಕಾಗದದಲ್ಲಿ ಪೇಂಟ್ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ರಿಂಗ್ ಟರ್ಮಿನಲ್ ಕೂರಿಸಿದೆ. ಮೇಲಿಂದ ವ್ಯಾಸಲೀನ್ ಬಳಿದೆ, ತುಕ್ಕು ಹಿಡಿಯದಿರಲಿ ಎಂದು.

ಇನ್ನು ಡ್ಯಾಶ್‌ಬೋರ್ಡಿನ ದೀಪ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಆಸಕ್ತಿ ಇದ್ದದ್ದು ಇದರಲ್ಲೇ. ಸುಲಭದ ದಾರಿ ಅಂದರೆ ಸ್ವಿಚ್ಚಿನ ಔಟ್‌ಪುಟ್ಟಿಗೆ ಎಲ್‌ಇಡಿ ಸೇರಿಸುವುದು. ಮಾರುಕಟ್ಟೆಯಲ್ಲಿ ಸಿಗುವ ದೀಪ ಇರುವ ಸ್ವಿಚ್ಚುಗಳೂ ಹೆಚ್ಚಾಗಿ ಹಾಗೇ ಇರುತ್ತವೆ. ಆದರೆ ಅದು ಹೇಳುವುದು ಸ್ವಿಚ್ ಒತ್ತಿದ್ದೀರಿ ಎಂದು ಮಾತ್ರ. ಫ್ಯೂಸ್ ಹೋಗಿದ್ದರೂ, ರಿಲೇ ಕೈಕೊಟ್ಟಿದ್ದರೂ ದೀಪ ಉರಿಯುತ್ತಲೇ ಇರುತ್ತದೆ. ನನಗೆ ಬೇಕಿದ್ದದ್ದು ಲೈಟಿಗೆ ನಿಜವಾಗಿ ಕರೆಂಟ್ ಹೋಗುತ್ತಿದೆಯಾ ಎಂದು ಹೇಳುವ ದೀಪ. ಹಾಗಾಗಿ 87ರಿಂದಲೇ ಒಂದು ತೆಳು ವೈರನ್ನು ಒಳಗೆ ತಂದೆ.

ಇಲ್ಲೊಂದು ತೊಡಕಿದೆ. 87ರ ಹಿಂದೆ ಇರುವುದು 15 ಆಂಪಿಯರ್ ಫ್ಯೂಸ್. ಈ ತೆಳು ವೈರ್ ಕಾರಿನ ತಗಡಿಗೆ ತಾಗಿದರೆ ಫ್ಯೂಸ್ ಹೋಗುವ ಮೊದಲು ವೈರೇ ಸುಟ್ಟುಹೋಗಬಹುದು. ಅದಕ್ಕೆ ಇನ್ನೊಂದು ಫ್ಯೂಸ್ ಹಾಕಬಹುದಿತ್ತು. ಅದಕ್ಕಿಂತ ಸರಳವಾದ ದಾರಿ ಎಲ್‌ಇಡಿಯ ರೆಸಿಸ್ಟರನ್ನೇ ರಿಲೇ ತುದಿಯಲ್ಲಿ ಇಡುವುದು. ಸಾಮಾನ್ಯವಾಗಿ ಅದನ್ನು ಎಲ್‌ಇಡಿ ಕಾಲಿಗೇ ಅಂಟಿಸುತ್ತಾರೆ. ರಿಲೇ ಪಕ್ಕದಲ್ಲೇ ಇಟ್ಟರೆ ಅಲ್ಲಿಂದ ಮುಂದೆ ವೈರ್ ಎಲ್ಲಿ ತಾಗಿದರೂ ನಾಲ್ಕೈದು ಮಿಲಿಆಂಪಿಯರ್ ಮೀರುವುದಿಲ್ಲ. ಬೆಂಕಿಯ ಮಾತೇ ಇಲ್ಲ. ಕಾಲು ವ್ಯಾಟಿನ ರೆಸಿಸ್ಟರ್ ಧಾರಾಳವಾಗಿ ಸಾಕು.

ಒಂದು ಕಿಲೋಓಮ್ ರೆಸಿಸ್ಟರ್ ಇಟ್ಟು ನೋಡಿದಾಗ ರಾತ್ರಿ ಹೊತ್ತು ದೀಪ ಕಣ್ಣಿಗೆ ಹೊಡೆಯುತ್ತಿತ್ತು. 3.3 ಕಿಲೋಓಮ್ ಹಿತವಾಗಿತ್ತು. ಕತ್ತಲಲ್ಲಿ ಮಂದವಾಗಿ ಕಾಣಬೇಕು, ಕಿಟಕಿಯ ಗಾಜಿನಲ್ಲಿ ಪ್ರತಿಫಲಿಸಬಾರದು. ಬಣ್ಣ ಹಸಿರೇ ಇರಲಿ. ಮುಂದಿನ ಫಾಗ್ ಲೈಟಿಗೆ ಹಸಿರು, ಹಿಂದಿನದಕ್ಕೆ ಹಳದಿ ಎಂದು ಎಲ್ಲ ಕಾರುಗಳಲ್ಲೂ ರೂಢಿ ಇದೆ. ಗುರುತೂ ಅಷ್ಟೇ, ಮುಂದಿನದರಲ್ಲಿ ಬೆಳಕಿನ ಗೆರೆಗಳು ಎಡಕ್ಕೆ ಇಳಿಜಾರಾಗಿ ಹೋಗುತ್ತವೆ, ಅವುಗಳನ್ನು ಒಂದು ಅಂಕುಡೊಂಕು ಗೆರೆ ಹಾಯುತ್ತದೆ. ಈ ಗುರುತನ್ನು ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ, ಸ್ಟೀರಿಂಗ್ ಪಕ್ಕದಲ್ಲಿ ಖಾಲಿ ಇದ್ದ ಪ್ಲಾಸ್ಟಿಕ್ ಮುಚ್ಚಳಕ್ಕೆ ಕಿಂಡಿ ಕೊರೆದು ಹಿಂದಿನಿಂದ ಅಂಟಿಸಿದೆ. ಮೀಟರ್ ಬೋರ್ಡ್ ಬಿಚ್ಚಿ ಅದರೊಳಗೇ ಕೂರಿಸಬಹುದಿತ್ತು. ಆದರೆ ಸ್ಪೀಡೋಮೀಟರಿಗೆ ಕೈ ಹಾಕುವುದು ನನಗೆ ಸರಿ ಕಾಣಲಿಲ್ಲ. ಮುಚ್ಚಳ ಹಾಳಾದರೆ ಹೊಸ ಮುಚ್ಚಳ ಸಿಗುತ್ತದೆ.

ಒಂದು ಮಿತಿ ಹೇಳಿಬಿಡುತ್ತೇನೆ. ಬಲ್ಬ್ ಹೋದರೆ, ಒಂದಾಗಲಿ ಎರಡಾಗಲಿ, ಈ ದೀಪಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಲೈಟಿನ ವೈರನ್ನೂ ಅಯಸ್ಕಾಂತಕ್ಕೆ ಸ್ಪಂದಿಸುವ ಒಂದೊಂದು ರೀಡ್ ಸ್ವಿಚ್ ಸುತ್ತ ಕೆಲವು ಸುತ್ತು ಸುತ್ತಿ, ಹರಿಯುವ ಕರೆಂಟನ್ನೇ ಹಿಡಿಯಬಹುದು. ನಾನು ಅಷ್ಟು ದೂರ ಹೋಗಲಿಲ್ಲ. ಘಾಟಿಗೆ ಹೊರಡುವ ಮುಂಚೆ ಇಳಿದು ಒಮ್ಮೆ ಮುಂದೆ ನೋಡುತ್ತೇನೆ.

ಬ್ಯಾಟರಿ ಸೇರಿಸಿ ಸ್ವಿಚ್ ಒತ್ತಿದಾಗ ಬಾನೆಟ್ ಕೆಳಗಿಂದ ಟಕ್ ಎಂದು ರಿಲೇ ಸದ್ದು ಕೇಳಿತು, ಹಸಿರು ದೀಪ ಬಂತು. ಬಲ್ಬಿನ ಹತ್ತಿರ ಈಗ 13.6 ವೋಲ್ಟ್. ಬಲ್ಬ್ ಅದೇ, ಗಾಜು ಅದೇ, ಬೆಳಕು ಮಾತ್ರ ಬೇರೆಯೇ. ಆಮೇಲೆ ಫ್ಯೂಸ್ ತೆಗೆದು ಸ್ವಿಚ್ ಒತ್ತಿ ನೋಡಿದೆ. ರಿಲೇ ಟಕ್ ಅಂತು, ಹಸಿರು ದೀಪ ಬರಲಿಲ್ಲ. ಅದು ಹಾಗೇ ಆಗಬೇಕು.

ಬೆಳಕು ಹೆಚ್ಚಾದ ಮೇಲೆ ಅದರ ಎತ್ತರ ಸರಿ ಮಾಡದಿದ್ದರೆ ಎದುರಿನವರಿಗೆ ತೊಂದರೆ ಕೊಟ್ಟ ಹಾಗೆ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ಕಾರು ನಿಲ್ಲಿಸಿ, ಬೆಳಕಿನ ಮೇಲಂಚು ಲೈಟಿನ ನಡುಮಧ್ಯಕ್ಕಿಂತ 4 ಇಂಚು ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿದೆ. ಹಳದಿ ಬಲ್ಬ್ ಹಾಕಿದರೆ ಮಂಜನ್ನು ಸೀಳುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಕಣ್ಣಿಗೆ ಹಿತ ಅನಿಸಿದರೆ ಹಾಕಿಕೊಳ್ಳಿ. ಆದರೆ ಲೈಟ್ ಎಷ್ಟು ಕೆಳಗಿದೆ, ಮೇಲಂಚು ಎಷ್ಟು ಚೊಕ್ಕವಾಗಿದೆ ಅನ್ನುವುದು ಬಣ್ಣಕ್ಕಿಂತ ಮುಖ್ಯ.

ಇದೆಲ್ಲ ಹಳೆಯ, ಸರಳ ವೈರಿಂಗ್ ಇರುವ ಕಾರಿನ ಮಾತು. ಹೊಸ ಕಾರುಗಳಲ್ಲಿ ಲೈಟುಗಳನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಪಾರ್ಕಿಂಗ್ ವೈರ್ ಕತ್ತರಿಸಿದರೆ ಅದು ದೂರು ಹೇಳಬಹುದು, ವಾರಂಟಿಯೂ ಹೋಗಬಹುದು. ಡ್ಯಾಶ್‌ಬೋರ್ಡ್ ಕೆಳಗೆ ಹಳದಿ ಕೊಳವೆ, ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಲೇಬೇಡಿ. ಅಂಥ ಕಾರಿಗೆ ಆ ಮಾಡೆಲ್ಲಿಗೆಂದೇ ಮಾಡಿದ ರೆಡಿಮೇಡ್ ವೈರಿಂಗ್ ಸೆಟ್ (ಹಾರ್ನೆಸ್) ತಗೊಂಡು ಹಾಕಿಸುವುದೇ ಒಳ್ಳೆಯದು. ಹಾಕಿಸುವಾಗ ರಿಲೇ ಎಲ್ಲಿದೆ, ಫ್ಯೂಸ್ ಎಲ್ಲಿದೆ ಎಂದು ಬಾನೆಟ್ ತೆಗೆಸಿ ನೋಡಿಕೊಂಡೇ ದುಡ್ಡು ಕೊಡಿ.