ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಹೋದಾಗ ನಾನು ನಿರುದ್ಯೋಗ ವಿಮೆ ಪಡೆದದ್ದು ಹೀಗೆ

ಲೇಆಫ್ ಆದ ವಾರವೇ ಅರ್ಜಿ ಹಾಕಿಬಿಡಿ. ನನ್ನನ್ನು ಕೇಳಿದವರಿಗೆಲ್ಲ ಮೊದಲು ಹೇಳುವ ಮಾತು ಇದು. ಕ್ಯಾಲಿಫೋರ್ನಿಯಾದಲ್ಲಿ ನಿರುದ್ಯೋಗ ವಿಮೆ ನೋಡಿಕೊಳ್ಳುವುದು ರಾಜ್ಯದ ಎಂಪ್ಲಾಯ್‌ಮೆಂಟ್ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್, ಎಲ್ಲರ ಬಾಯಲ್ಲಿ ಇಡಿಡಿ. ಕ್ಲೇಮ್ ಶುರುವಾಗುವುದು ಅರ್ಜಿ ಹಾಕಿದ ವಾರದ ಭಾನುವಾರದಿಂದ, ಕೆಲಸ ಹೋದ ದಿನದಿಂದಲ್ಲ. ಅದರ ಮೇಲೆ ಮೊದಲ ವಾರಕ್ಕೆ ದುಡ್ಡಿಲ್ಲ. "ಸೆವರೆನ್ಸ್ (ಕೆಲಸದಿಂದ ತೆಗೆಯುವಾಗ ಕಂಪನಿ ಕೊಡುವ ದುಡ್ಡು) ಖರ್ಚಾಗಲಿ, ಆಮೇಲೆ ನೋಡೋಣ" ಅಂತ ಕೂರುವವರನ್ನು ನೋಡಿದ್ದೇನೆ. ಇಲ್ಲಿ ಸೆವರೆನ್ಸ್ ಸಾಮಾನ್ಯವಾಗಿ ವಿಮೆಗೆ ಅಡ್ಡಿಯಲ್ಲ.

ಮೈಸೂರಿನಿಂದ ಅಪ್ಪ ಫೋನಿನಲ್ಲಿ, "ಸರ್ಕಾರದ ಮುಂದೆ ಕೈ ಚಾಚಬೇಕೇನೋ?" ಅಂದರು. ಇದು ದಾನ ಅಲ್ಲ ಅಪ್ಪ, ವಿಮೆ ಅಂದೆ. ಪ್ರತಿ ನೌಕರನ ವರ್ಷದ ಸಂಬಳದ ಮೊದಲ 7,000 ಡಾಲರ್ ಮೇಲೆ ಕಂಪನಿಗಳು ಇದಕ್ಕೆ ತೆರಿಗೆ ಕಟ್ಟುತ್ತವೆ. ನಮ್ಮ ಸಂಬಳದಿಂದ ಇದಕ್ಕೆಂದು ಏನೂ ಮುರಿದುಕೊಳ್ಳುವುದಿಲ್ಲ. ಪೇ ಸ್ಲಿಪ್‌ನಲ್ಲಿ ಕಾಣುವ ಎಸ್‌ಡಿಐ ಅನ್ನುವ ಕಡಿತ ಬೇರೆ, ಅದು ಕಾಯಿಲೆ ಬಿದ್ದರೆ ಬರುವ ವಿಮೆಗೆ.

ಮೊತ್ತದ ಬಗ್ಗೆ ಜಾಸ್ತಿ ಆಸೆ ಬೇಡ. ಎಷ್ಟೇ ಸಂಬಳ ಇದ್ದಿರಲಿ, ವಾರಕ್ಕೆ ಗರಿಷ್ಠ 450 ಡಾಲರ್. ಅದೂ ಹೆಚ್ಚೆಂದರೆ 26 ವಾರ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಬಾಡಿಗೆಗೆ ಇದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೂ ದಿನಸಿ, ಕರೆಂಟ್ ಬಿಲ್ಲು ನಡೆಯುತ್ತದೆ.

ಅರ್ಜಿ ಆನ್‌ಲೈನ್‌ನಲ್ಲೇ ಮುಗಿಯುತ್ತದೆ. ನಿಜವಾದ ಕೆಲಸ ಇರುವುದು ಎರಡು ವಾರಕ್ಕೊಮ್ಮೆ ಮಾಡುವ ಸರ್ಟಿಫೈನಲ್ಲಿ, ಅಂದರೆ ಆ ವಾರಗಳ ದುಡ್ಡಿಗೆ ನಾನು ಅರ್ಹ ಅಂತ ಪ್ರಶ್ನೆಗಳಿಗೆ ಉತ್ತರ ಕೊಟ್ಟು ದೃಢಪಡಿಸುವುದರಲ್ಲಿ. ಪ್ರತಿ ವಾರಕ್ಕೂ ಬೇರೆ ಬೇರೆಯಾಗಿ ಕೇಳುತ್ತಾರೆ: ಹುಷಾರಿಲ್ಲದೆ ಇದ್ದಿರಾ? ಬೇರೆ ಯಾವುದಾದರೂ ಕಾರಣಕ್ಕೆ ಪೂರ್ಣಾವಧಿ ಕೆಲಸ ಒಪ್ಪಿಕೊಳ್ಳಲು ಆಗುತ್ತಿರಲಿಲ್ಲವಾ? ಕೆಲಸ ಹುಡುಕಿದಿರಾ? ಬಂದ ಕೆಲಸ ಬೇಡ ಅಂದಿರಾ? ಓದಲು ಸೇರಿದಿರಾ? ಏನಾದರೂ ದುಡಿದಿರಾ? ದುಡಿದಿದ್ದರೆ ತೆರಿಗೆ ಕಳೆಯುವ ಮುಂಚಿನ ಮೊತ್ತ ಹಾಕಬೇಕು. ದುಡ್ಡು ಕೈಗೆ ಬಂದ ವಾರದಲ್ಲಲ್ಲ, ದುಡಿದ ವಾರದಲ್ಲೇ.

ನಮ್ಮವರು ಎಡವುವುದು ಎರಡನೇ ಪ್ರಶ್ನೆಯಲ್ಲಿ. ಕೆಲಸ ಇಲ್ಲ, ರಜೆ ಕೇಳಬೇಕಾಗಿಲ್ಲ, ಊರಿಗೆ ಹೋಗಿ ಬರೋಣ ಅನ್ನಿಸುತ್ತದೆ ಅಲ್ವಾ? ಹೋಗಿ, ಆದರೆ ಆ ವಾರಗಳ ದುಡ್ಡು ಕೇಳಬೇಡಿ. ಮೈಸೂರಿನಲ್ಲಿ ಕೂತವನು ನಾಳೆ ಬೆಳಿಗ್ಗೆ ಸ್ಯಾನ್ ಹೊಸೆಯಲ್ಲಿ ಕೆಲಸಕ್ಕೆ ಹಾಜರಾಗಲು ಆಗುತ್ತದಾ? ತಂಗಿಯ ಮಗುವಿನ ನಾಮಕರಣಕ್ಕೆ ನಾನು ಹೋಗಿದ್ದೆ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆ ವಾರಗಳಿಗೆ ದುಡ್ಡು ಬರಲಿಲ್ಲ, ಆದರೆ ಉಳಿದ ಮೊತ್ತ ಎಲ್ಲೂ ಹೋಗಲಿಲ್ಲ. ವಾಪಸ್ ಬಂದು ಕ್ಲೇಮ್ ಮತ್ತೆ ತೆರೆದೆ.

ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿರುವ ಗೆಳೆಯರಿಗೆ ತೊಡಕಾಗುವುದೂ ಇಲ್ಲೇ. ಅವರ ಕೆಲಸದ ಅನುಮತಿ ಒಂದೇ ಕಂಪನಿಗೆ ಕಟ್ಟಿಹಾಕಿದ್ದು. ಆ ಕೆಲಸ ಹೋದ ಮೇಲೆ "ನಾಳೆಯೇ ಯಾವ ಕೆಲಸಕ್ಕಾದರೂ ಸಿದ್ಧ" ಅನ್ನಲು ಕಾನೂನು ಬಿಡುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಅವರಿಗೆ ವಿಮೆ ಸಿಗುವುದಿಲ್ಲ, ಕೈಯಲ್ಲಿರುವುದು ಬೇರೆ ಕೆಲಸ ಹುಡುಕಿಕೊಳ್ಳಲು ಅಥವಾ ದೇಶ ಬಿಡಲು 60 ದಿನಗಳ ಗಡುವು ಮಾತ್ರ. ನನಗೆ ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸಿ ದುಡಿಯುವ ಅನುಮತಿ ಇತ್ತು. ಅದೇ ದಿನ ಕೆಲಸ ಕಳೆದುಕೊಂಡ ನನ್ನ ಪಕ್ಕದ ಸೀಟಿನವರಿಗೆ ಇರಲಿಲ್ಲ. ಅವರೂ ಅಷ್ಟೇ ವರ್ಷ ದುಡಿದಿದ್ದರು, ಅವರ ಹೆಸರಿನಲ್ಲೂ ಕಂಪನಿ ತೆರಿಗೆ ಕಟ್ಟಿತ್ತು. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಕೆಲಸ ಹುಡುಕಿಕೊಡುವ ವ್ಯವಸ್ಥೆಯೂ ಇದೇ ಇಲಾಖೆಯದ್ದು. ಕ್ಯಾಲ್‌ಜಾಬ್ಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ರೆಸ್ಯೂಮೆ ಏರಿಸಬೇಕು. ಕೆಲವರನ್ನು ಆರಿಸಿ ಮರುಉದ್ಯೋಗದ ಸಭೆಗೆ ಕರೆಯುತ್ತಾರೆ. ಕರೆದ ಮೇಲೆ ಹೋಗಲೇಬೇಕು, ತಪ್ಪಿಸಿಕೊಂಡರೆ ದುಡ್ಡಿಗೆ ಕುತ್ತು. ನಾನು ಶಾಸ್ತ್ರಕ್ಕೆ ಅಂತ ಹೋದವನು. ಅಲ್ಲಿದ್ದ ಹಿರಿಯ ಮಹಿಳೆ ನನ್ನ ರೆಸ್ಯೂಮೆ ತಿರುವಿ ಹಾಕಿದರು. ಬೆಂಗಳೂರಿನ ಮೊದಲ ಕಂಪನಿಯಿಂದ ಹಿಡಿದು ಒಂದೊಂದು ಪ್ರಾಜೆಕ್ಟೂ ಇತ್ತು ಅದರಲ್ಲಿ. ಪೆನ್ನು ತೆಗೆದು ಹಳೆಯ ಪುಟಗಳ ಮೇಲೆ ಅಡ್ಡಗೆರೆ ಎಳೆದರು. "ತಂಡ ಏನು ಮಾಡಿತು ಅಂತ ಬರೆದಿದ್ದೀರಿ, ನೀವೇನು ಮಾಡಿದಿರಿ?" ಅಂದರು. ಅವತ್ತೇ ಕೂತು ಎರಡು ಪುಟಕ್ಕೆ ಇಳಿಸಿದೆ. ಇಂಟರ್‌ವ್ಯೂ ಕರೆಗಳು ಬರತೊಡಗಿದ್ದು ಅದಾದ ಮೇಲೆಯೇ.

ಇನ್ನೊಂದು, ತೆರಿಗೆ. ಈ ದುಡ್ಡಿಗೆ ಕ್ಯಾಲಿಫೋರ್ನಿಯಾ ತೆರಿಗೆ ಇಲ್ಲ, ಫೆಡರಲ್ ತೆರಿಗೆ ಇದೆ. ಶೇ 10ರಷ್ಟು ಮೊದಲೇ ಹಿಡಿದುಕೊಳ್ಳಿ ಅಂತ ಇಡಿಡಿಗೆ ಹೇಳಬಹುದು. ನಾನು ಹಾಗೇ ಮಾಡಿದೆ. ಮುಂದಿನ ಜನವರಿಯಲ್ಲಿ ವರ್ಷವಿಡೀ ಬಂದ ವಿಮೆ ದುಡ್ಡಿನ ಲೆಕ್ಕ ಕೊಡುವ 1099-ಜಿ ಫಾರ್ಮ್ ಬರುತ್ತದೆ, ತೆರಿಗೆ ರಿಟರ್ನ್ ಹಾಕುವಾಗ ಅದನ್ನು ಸೇರಿಸಿ.