ಹಳೆಯ ತಾರಸಿಯ ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸುವ ಬಗೆ

ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಆದರೆ ಆರ್‌ಸಿಸಿ ಮನೆಯವರನ್ನು ಹೆಚ್ಚು ಕಾಡುವುದು ಹಗಲೆಲ್ಲ ಕಾದ ಚಾವಣಿಯು ನಡುರಾತ್ರಿಯವರೆಗೂ ಕೋಣೆಯೊಳಕ್ಕೆ ಇಳಿಸುವ ಕಾವು. ರಾತ್ರಿ ಹತ್ತಕ್ಕೆ ಸ್ಟೂಲಿನ ಮೇಲೆ ನಿಂತು ಚಾವಣಿಗೆ ಅಂಗೈ ಇಟ್ಟು ನೋಡಿ. ರೊಟ್ಟಿ ಸುಟ್ಟು ಇಳಿಸಿದ ಹಂಚಿನಂತೆ ಅದು ಇನ್ನೂ ಬೆಚ್ಚಗಿರುತ್ತದೆ. ಬಿಸಿಲನ್ನು ಮೇಲಕ್ಕೇ ತಿರುಗಿಸುವ ಬಿಳಿ ಟೈಲ್ಸ್ ಚೂರುಗಳ ಹೊದಿಕೆ ಇದಕ್ಕೆ ಬಾಳಿಕೆಯ ಪರಿಹಾರ.

ಮೊದಲು ಭಾರದ ಲೆಕ್ಕ. 25 ಮಿ.ಮೀ. ಗಾರೆ ಮತ್ತು ಟೈಲ್ಸ್ ಸೇರಿ ಚದರ ಮೀಟರಿಗೆ ಸುಮಾರು 65ರಿಂದ 70 ಕಿಲೋ ಆಗುವುದರಿಂದ, ಚಾವಣಿಯ ಕೆಳಗೆ ಸಿಮೆಂಟ್ ಉದುರಿ ಕಂಬಿ ಕಾಣುತ್ತಿದ್ದರೆ ಎಂಜಿನಿಯರರಿಗೆ ತೋರಿಸದೆ ಮುಂದುವರಿಯಬಾರದು. ತೊಲೆ, ಜಂತೆಗಳ ಮೇಲೆ ನಿಂತ ಮಣ್ಣಿನ ಮಾಳಿಗೆಗೆ ಈ ಕೆಲಸ ಸಲ್ಲುವುದೇ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿಯೊಳಗೆ ಕೆಲಸ ಮುಗಿಸುವುದು ಒಳ್ಳೆಯದು. ಮೇ ತಿಂಗಳ ಬಿಸಿಲಿಗೆ ಗಾರೆಯ ನೀರು ಬೇಗ ಆರಿ ಬಿರುಕು ಬಿಡುತ್ತದೆ. ತಂತಿ ಬ್ರಷ್‌ನಿಂದ ಪಾಚಿ ಕೆರೆದು, ತಾರಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಗಟ್ಟಿ ಇದ್ದಲ್ಲಿ ಸದ್ದು ಕಿಣ್ಣೆನ್ನುತ್ತದೆ, ಪೊಳ್ಳಿದ್ದಲ್ಲಿ ಡೊಬ್ಬೆನ್ನುತ್ತದೆ. ಪೊಳ್ಳು ಭಾಗವನ್ನು ಕಿತ್ತು ತೆಗೆದು, ಬಿರುಕುಗಳನ್ನು ಅಗಲಿಸಿ ತುಂಬಿ, ವಾಟರ್‌ಪ್ರೂಫ್ ಲೇಪನ ಕೊಟ್ಟು, ಅದು ಪೂರ್ತಿ ಒಣಗಿದ ನಂತರ 48 ಗಂಟೆ ನೀರು ಕಟ್ಟಿ ನಿಲ್ಲಿಸಿ ಕೆಳಗಿನಿಂದ ಪರೀಕ್ಷಿಸಬೇಕು. ನಮ್ಮ ಮನೆಯಲ್ಲಿ ಮೇಸ್ತ್ರಿಯ ಮಾತಿಗೆ ಒಪ್ಪಿ ಈ ಎರಡು ದಿನ ಉಳಿಸಿದೆವು. ಮೊದಲ ಮಳೆಗೇ ಅಡುಗೆಮನೆಯ ಮೂಲೆ ಸೋರಿತು, ಕೂರಿಸಿದ್ದ ಟೈಲ್ಸನ್ನು ಒಡೆದು ತೆಗೆಯಬೇಕಾಯಿತು.

ಈ ಕೆಲಸದ ಜೀವ ಇಳಿಜಾರಿನಲ್ಲಿದೆ. ನೀರು ಹೋಗುವ ಕೊಳವೆಯ ಕಡೆಗೆ ಮೀಟರಿಗೆ ಒಂದು ಸೆಂ.ಮೀ. ಇಳಿಯುವಂತೆ ಟ್ಯೂಬ್ ಲೆವೆಲ್ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು) ಹಿಡಿದು ದಾರ ಕಟ್ಟಬೇಕು. ಕೊಳವೆಯ ಬಾಯಿ ಹೊಸ ಮೈಗಿಂತ ತಗ್ಗಿನಲ್ಲೇ ಉಳಿಯಬೇಕು. ಹಳೆಯ ಇಳಿಜಾರು ಸರಿಯಿದ್ದರೆ ಅದನ್ನೇ ಅನುಸರಿಸಿ, ಇಲ್ಲದಿದ್ದರೆ ದೂರದ ತುದಿಯಲ್ಲಿ ಗಾರೆ ದಪ್ಪವಾಗಿ ಭಾರ ಹೆಚ್ಚುತ್ತದೆ. ಪ್ಯಾರಪೆಟ್ ಗೋಡೆ ಸೇರುವ ಮೂಲೆಯನ್ನು ಗುಂಡಗೆ ಮಾಡಿ, ಗಾರೆಯನ್ನು 15 ಸೆಂ.ಮೀ. ಮೇಲಕ್ಕೆ ಏರಿಸಬೇಕು.

ಬಳಿಕ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ ಹರಡಿ, ಅದು ಹಸಿಯಿರುವಾಗಲೇ, ನೀರಿನಲ್ಲಿ ನೆನೆಸಿಟ್ಟ ಸೆರಾಮಿಕ್ ಚೂರುಗಳನ್ನು ಹೊಳೆಯುವ ಮೈ ಮೇಲಾಗಿ ಒತ್ತಿ ಕೂರಿಸಿ, ಸಂದುಗಳಿಗೆ ಬಿಳಿ ಸಿಮೆಂಟ್ ತುಂಬಬೇಕು. ಸುಮಾರು ಮೂರು ಮೀಟರಿಗೊಮ್ಮೆ ಸಣ್ಣ ಸಂದು ಬಿಟ್ಟು, ಹಿಗ್ಗಿ ಕುಗ್ಗುವ ಸೀಲಂಟ್ ತುಂಬಿದರೆ ಬಿಸಿಲಿಗೆ ಟೈಲ್ಸ್ ಏಳುವುದಿಲ್ಲ.

ಏಳು ದಿನ ಗೋಣಿಚೀಲ ಹಾಸಿ, ಅದು ಆರದಂತೆ ನೀರುಣಿಸಬೇಕು.

ಸಂಡೂರಿನ ಗಣಿ ರಸ್ತೆಗಳ ಹತ್ತಿರದ ಮನೆಗಳಲ್ಲಿ ಕೆಂಧೂಳು ಕುಳಿತು ಬಿಳುಪು ಮಾಸುತ್ತದೆ, ಮಾಸಿದಷ್ಟೂ ತಂಪು ಕಡಿಮೆಯಾಗುತ್ತದೆ. ಬೇಸಿಗೆಗೆ ಮುಂಚೆ ಸೋಪುಪುಡಿ ಹಾಕಿ ಉಜ್ಜಿ ತೊಳೆಯಿರಿ. ಆಸಿಡ್ ಬಳಸಬೇಡಿ, ಅದು ಸಂದಿನ ಸಿಮೆಂಟನ್ನು ತಿನ್ನುತ್ತದೆ. ಒದ್ದೆಯಾದಾಗ ಈ ನೆಲ ಬಹಳ ಜಾರುವುದರಿಂದ ಮಕ್ಕಳನ್ನೂ ಹಿರಿಯರನ್ನೂ ಆಗ ಮೇಲಕ್ಕೆ ಬಿಡಬಾರದು.