ಕಾರಿನ ಹೀಟರ್‌ನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ

ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಹೀಟರ್ ಸಾಮಾನ್ಯವಾಗಿ ತಾನೇ ಶಾಖವನ್ನು ಉತ್ಪಾದಿಸುವುದಿಲ್ಲ. ಎಂಜಿನ್ನಿನ ಬಿಸಿಯನ್ನು ಹೊತ್ತ ಕೂಲೆಂಟ್ ಎಂಬ ದ್ರವ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರಿನೊಳಗೆ ಹರಿಯುತ್ತದೆ, ಬ್ಲೋವರ್ ಎಂಬ ಫ್ಯಾನ್ ಅದರ ಮೂಲಕ ಗಾಳಿಯನ್ನು ಹಾಯಿಸುತ್ತದೆ. ಆದ್ದರಿಂದ ಗಾಳಿ ರಭಸವಾಗಿ ಬರುತ್ತಿದ್ದೂ ಬೆಚ್ಚಗಿಲ್ಲದಿದ್ದರೆ, ಕೋರ್‌ಗೆ ಬಿಸಿ ತಲುಪುತ್ತಿಲ್ಲವೋ ಅಥವಾ ಗಾಳಿಯೇ ಕೋರನ್ನು ಹಾಯದೆ ಬರುತ್ತಿದೆಯೋ ಎಂಬುದನ್ನು ನಿರ್ಧರಿಸುವ ಮೊದಲು ಯಾವ ಬಿಡಿಭಾಗವನ್ನೂ ಕೊಳ್ಳಬಾರದು.

ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ ಮಟ್ಟವನ್ನು ನೋಡಿ. ಬಿಸಿಯಿರುವಾಗ ಒಳಗೆ ಒತ್ತಡವಿರುವುದರಿಂದ ಕೂಲೆಂಟ್ ತುಂಬುವ ಮುಚ್ಚಳ ತೆರೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮಬಹುದು. ಮಟ್ಟ ಕಡಿಮೆಯಿದ್ದರೆ ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನೇ ತುಂಬಿ, ಆದರೆ ಅಷ್ಟಕ್ಕೇ ಬಿಡದೆ ಸೋರಿಕೆಯನ್ನೂ ಹುಡುಕಿ. ಕಾರಿನೊಳಗೆ ಸಿಹಿಯಾದ ವಾಸನೆ, ಒದ್ದೆಯಾದ ಕಾರ್ಪೆಟ್, ಗಾಜಿನ ಒಳಮೈಯಲ್ಲಿ ಜಿಡ್ಡು ಮಂಜು ಕಂಡರೆ ಸೋರುತ್ತಿರುವುದು ಬಹುಶಃ ಹೀಟರ್ ಕೋರ್.

ಸ್ವಲ್ಪ ದೂರ ಓಡಿಸಿದ ಮೇಲೂ ತಾಪಮಾನದ ಮುಳ್ಳು ಕೆಳಗೇ ಇದ್ದರೆ, ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ಮುಂಭಾಗದ ದೊಡ್ಡ ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟವಾದ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಹೆಚ್ಚಿನ ಕಾರುಗಳಲ್ಲಿ ಅದು ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆಯಬೇಕು. ಬಿಚ್ಚಿ ತೆಗೆದ ತಣ್ಣನೆಯ ಥರ್ಮೋಸ್ಟಾಟಿನ ಕವಾಟದ ಅಂಚಿನಲ್ಲಿ ಸಂದು ಕಂಡರೆ ಅದು ಕೆಟ್ಟಿದೆ ಎಂದರ್ಥ (ಗಾಳಿ ಹೊರಹೋಗಲು ಇಟ್ಟ ಸಣ್ಣ ರಂಧ್ರವನ್ನು ಸಂದೆಂದು ಭಾವಿಸಬೇಡಿ). ಹೊಸದನ್ನು ಕೂರಿಸುವಾಗ ಸೋರದಂತೆ ತಡೆಯುವ ಗ್ಯಾಸ್ಕೆಟನ್ನೂ ಬದಲಿಸಿ.

ಮುಳ್ಳು ಸರಿಯಾದ ಜಾಗದಲ್ಲಿದ್ದರೆ, ಹೀಟರನ್ನು ಗರಿಷ್ಠಕ್ಕಿಟ್ಟು, ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿನ ಕಡೆಗೆ ಹೋಗುವ ಎರಡು ಹೋಸ್‌ಗಳನ್ನು ಪರೀಕ್ಷಿಸಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ಪರೀಕ್ಷೆ ಇನ್ನೊಂದಿಲ್ಲ. ಕೈ, ಬಟ್ಟೆಗಳನ್ನು ಫ್ಯಾನ್ ಮತ್ತು ಬೆಲ್ಟಿನಿಂದ ದೂರವಿಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಮುಟ್ಟುವ ಅಗತ್ಯವೇ ಇಲ್ಲ. ಎರಡೂ ಬಿಸಿಯಾಗಿದ್ದರೆ ದೋಷವಿರುವುದು ಬಹುಶಃ ಗಾಳಿಯನ್ನು ಕೋರ್ ಮೂಲಕ ಅಥವಾ ಅದರ ಪಕ್ಕದಿಂದ ಸಾಗಿಸುವ ಬ್ಲೆಂಡ್ ಡೋರ್ ಎಂಬ ಬಾಗಿಲಿನಲ್ಲಿ. ತಾಪಮಾನದ ಗುಂಡಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಹಿಂದೆ ಟಿಕ್ ಟಿಕ್ ಸದ್ದು ಕೇಳಿದರೆ ಆ ಬಾಗಿಲನ್ನು ತಿರುಗಿಸುವ ಪುಟ್ಟ ಮೋಟಾರಿನ (ಆಕ್ಚುಯೇಟರ್) ಪ್ಲಾಸ್ಟಿಕ್ ಹಲ್ಲುಗಳು ಸವೆದಿರುವ ಸಾಧ್ಯತೆ ಹೆಚ್ಚು. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಒಳಗೆ ಕಸ ಕಟ್ಟಿಕೊಂಡಿದೆ, ಇಲ್ಲವೇ ಕೋರ್‌ಗೆ ಕೂಲೆಂಟ್ ಬಿಡುವ ಹೀಟರ್ ವಾಲ್ವ್ ತೆರೆಯುತ್ತಿಲ್ಲ. ಕಟ್ಟಿಕೊಂಡ ಕೋರ್‌ನ ಎರಡೂ ಹೋಸ್ ಕಳಚಿ, ಕೂಲೆಂಟ್ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಕಡಿಮೆ ಒತ್ತಡದ ನೀರನ್ನು ಹಾಯಿಸಿ. ಆತುರಕ್ಕೆ ಒತ್ತಡ ಹೆಚ್ಚಿಸಿದರೆ ಕೋರ್ ಒಡೆಯಬಹುದು.

ಎರಡೂ ತಣ್ಣಗಿದ್ದರೆ, ಅಥವಾ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಗಾಳಿ ಬೆಚ್ಚಗಾಗುತ್ತಿದ್ದರೆ, ಕೂಲೆಂಟಿನಲ್ಲಿ ಗಾಳಿ ಸೇರಿದೆ ಅಥವಾ ಕೂಲೆಂಟನ್ನು ಹರಿಸುವ ನೀರಿನ ಪಂಪ್ ದುರ್ಬಲವಾಗಿದೆ. ಗಾಳಿ ತೆಗೆಯುವ ಕ್ರಮ ಕಾರಿನಿಂದ ಕಾರಿಗೆ ಬೇರೆಯಾಗುವುದರಿಂದ ಕೈಪಿಡಿಯನ್ನು ಅನುಸರಿಸಿ. ಗಾಳಿ ತೆಗೆದ ಮೇಲೂ ಗುಳ್ಳೆಗಳು ಏಳುತ್ತಲೇ ಇದ್ದು ಕೂಲೆಂಟ್ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದು. ಅಂಥ ಕಾರನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.